ನಡುವೆ ಗೋಡೆಯಿದ್ದ ಗಾದಿ

ಗಾದಿ ಹೊಲಿಯುವ ಕೆಲಸಕ್ಕೆ ಹೊಸದಾಗಿ ಬರುವ ಹೆಣ್ಣುಮಕ್ಕಳಿಗೆ ನಾನು ಮೊದಲು ಹೇಳುವುದು ಇಷ್ಟೆ: ದಬ್ಬಣ ಹಿಡಿಯುವುದನ್ನು ಯಾರಾದರೂ ಕಲಿಸಿಯಾರು, ನಗು ತಡೆಯುವುದನ್ನು ನೀವೇ ಕಲಿಯಬೇಕು. ಮಂದಿಯ ಮಲಗುವ ಕೋಣೆಯೊಳಗೆ ಹಾಡಹಗಲೇ ರಾಜಾರೋಷವಾಗಿ ಹೋಗುವವರು ಆ ಮನೆಯವರನ್ನು ಬಿಟ್ಟರೆ ನಾವೇ. ಅಲ್ಲಿ ಕಂಡದ್ದನ್ನು ಹೊಟ್ಟೆಯಲ್ಲಿ ಇಟ್ಟುಕೊಳ್ಳಲು ಬಾರದವರು ಮನೆಯಲ್ಲಿ ರೊಟ್ಟಿ ಬಡಿದುಕೊಂಡು ಇರುವುದು ಒಳ್ಳೆಯದು. ಈಗ ನನ್ನ ಕಣ್ಣು ಮಂಜಾಗಿವೆ. ದಾರ ಪೋಣಿಸಲು ಸೊಸೆಯನ್ನು ಕರೆಯಬೇಕು, ಅವಳು ಬರುವಷ್ಟರಲ್ಲಿ ನನಗೆ ಸಿಟ್ಟು ಬಂದಿರುತ್ತದೆ. ಹಾಗಾಗಿ ದಬ್ಬಣ ಕೆಳಗಿಟ್ಟು ಪೆನ್ನು ಹಿಡಿದಿದ್ದೇನೆ. ಹೆಸರುಗಳನ್ನು ಬದಲಿಸಿದ್ದೇನೆ, ಮೈತೂಕ ಮಾತ್ರ ಬದಲಿಸಿಲ್ಲ.

ನಾನು ಕಲ್ಯಾಣದವಳು. ಬಸವಕಲ್ಯಾಣ ಎಂದು ಬೋರ್ಡು ಬರೆದ ಮೇಲೂ ನಮ್ಮ ಬಾಯಲ್ಲಿ ಅದು ಕಲ್ಯಾಣವೇ. ಕನ್ನಡ ನಾಡು ಒಂದಾದ ವರ್ಷವೇ ನನ್ನ ಮದುವೆಯಾಗಿ ಹುಮನಾಬಾದಕ್ಕೆ ಬಂದೆ. ನಾಡಿಗೂ ನನಗೂ ಒಂದೇ ಸಲ ಹೊಸ ಮನೆ. ನಾಡಿನಲ್ಲಿ ಯಾರ ಮಾತು ನಡೆಯುತ್ತದೆ ಎಂದು ತಿಳಿಯಲು ಜನರಿಗೆ ಬಹಳ ದಿನ ಹಿಡಿಯಿತು. ನಮ್ಮ ಮನೆಯಲ್ಲಿ ಅದು ಮೊದಲ ದಿನವೇ ತಿಳಿಯಿತು. ನಡೆಯುತ್ತಿದ್ದುದು ಅತ್ತೆ ಹುಸೇನಬಿಯವರ ಮಾತು.

ನಾವು ಪಿಂಜಾರರು. ಗಂಡಸರು ಅಂಗಳದಲ್ಲಿ ಬಿಲ್ಲು ಕಟ್ಟಿ ಅರಳೆ ಹಿಂಜುತ್ತಿದ್ದರು. ನನ್ನ ಗಂಡ ಮೈಬೂಬ ಬಿಲ್ಲಿನ ತಂತಿ ಬಾರಿಸಿದರೆ ಓಣಿಯ ಕೂಸುಗಳು ಅಳು ನಿಲ್ಲಿಸುತ್ತಿದ್ದವು ಎಂದು ಅತ್ತೆ ಹೇಳಿಕೊಳ್ಳುತ್ತಿದ್ದರು. ನಮ್ಮ ಕೂಸುಗಳೊಂದೂ ನಿಲ್ಲಿಸಲಿಲ್ಲ, ಆ ಮಾತು ಬೇರೆ. ಹೆಂಗಸರ ಕೆಲಸ ಒಳಗೆ: ಮಂಚ ಅಳೆಯುವುದು, ಗಾದಿಯ ಹೊರಬಟ್ಟೆಯಾದ ಖೋಳ ಹೊಲಿಯುವುದು, ಅರಳೆ ತುಂಬಿ ಮೇಲಿನಿಂದ ಕೆಳಗಿನವರೆಗೆ ದಬ್ಬಣ ಹಾಯಿಸಿ ಟಾಕಿ ಹಾಕುವುದು.

ನಮ್ಮ ಕಡೆ ಮದುವೆಯ ಗಾದಿ ಹೆಣ್ಣಿನ ಮನೆಯವರು ಕೊಡಬೇಕು. ಅದರ ಮೇಲೆ ಮಲಗುವ ಇಬ್ಬರು ಆಗಿನ್ನೂ ಒಬ್ಬರ ಮುಖ ಒಬ್ಬರು ಸರಿಯಾಗಿ ನೋಡಿರುವುದಿಲ್ಲ. ನಾವು ನೋಡಿದ ಹಾಗೆ ಹೊಲಿಯಬೇಕು. ಹೆಣ್ಣಿನ ತೂಕ ಕೇಳಿದರೆ ಅವರವ್ವ ಮುಖ ಊದಿಸುತ್ತಾಳೆ. ಗಂಡಿನ ತೂಕ ಕೇಳಿದರೆ ನೆದರು ತಗಲುತ್ತದೆಂದು ಅವರವ್ವ ಉಪ್ಪು, ಮೆಣಸಿನಕಾಯಿ ಇಳಿಸಿ ಒಲೆಗೆ ಹಾಕುತ್ತಾಳೆ. ಅದಕ್ಕೆ ಅತ್ತೆ ಒಂದು ಉಪಾಯ ಕಂಡುಕೊಂಡಿದ್ದರು. ಏನಾದರೂ ನೆಪ ಹೇಳಿ ಗಂಡಿನ ಮನೆಗೆ ಹೋಗುವುದು, ಬಾಗಿಲಲ್ಲಿ ಬಿಟ್ಟ ಚಪ್ಪಲಿ ನೋಡುವುದು, ಹಿಮ್ಮಡಿ ಎಷ್ಟು ಸವೆದಿದೆ ಎಂಬುದರ ಮೇಲೆ ಅರಳೆ ಎಷ್ಟು ಬಿಗಿಯಾಗಿ ತುಂಬಬೇಕೆಂದು ಮನಸ್ಸಿನಲ್ಲೇ ಗೊತ್ತು ಮಾಡಿಕೊಳ್ಳುವುದು.

ನನ್ನನ್ನು ಮೊದಲ ಸಲ ಒಬ್ಬಳನ್ನೇ ಕಳಿಸಿದ್ದು ಬೇಮಳಖೇಡಕ್ಕೆ. ಬಾಗಿಲಲ್ಲಿ ದೋಣಿಯಷ್ಟು ದೊಡ್ಡ ಚಪ್ಪಲಿ ಇದ್ದವು, ಹಿಮ್ಮಡಿ ಪೂರಾ ಸವೆದು ನೆಲ ಕಾಣುತ್ತಿತ್ತು. ಬಂದವಳೇ ಅರಳೆಯನ್ನು ಕಾಲಿನಿಂದ ಒದ್ದು ಒದ್ದು ತುಂಬಿದೆ. ಮದುವೆಯಾದ ಮೇಲೆ ಆ ಮದುಮಗ ಸಂತೆಯಲ್ಲಿ ಸಿಕ್ಕ. ಗಾಳಿ ಬಂದರೆ ಕಂಬ ಹಿಡಿದುಕೊಳ್ಳುವಂಥ ಸಣಕಲ.

"ಖಾಸಿಂಬಕ್ಕಾ, ನೀ ಕೊಟ್ಟಿದ್ದು ಗಾದಿನೋ, ಹಾಸಗಲ್ಲೋ?" ಎಂದ.

"ಯಾಕೋ ತಮ್ಮಾ? ನಿನ್ನ ಚಪ್ಪಲಿ ನೋಡೇ ಹೊಲದೀನಿ."

"ಅವು ನಮ್ಮ ಸೋದರಮಾವನವು. ಈಗ ಬಂದಾಗೊಮ್ಮೆ ಅದರ ಮ್ಯಾಲ ಮಲಗಿ, ಅರಾಮ ಅದಪಾ ಅಂತಾನ. ಮನಿಗೆ ಹೋಗು ಅಂದ್ರ ಹೋಗೋದಿಲ್ಲ."

ಅಂದಿನಿಂದ ನಾನು ಚಪ್ಪಲಿಯ ಜೊತೆಗೆ ಅದರೊಳಗಿನ ಕಾಲನ್ನೂ ನೋಡಿಕೊಂಡೇ ಬರತೊಡಗಿದೆ.

ಆದರೆ ನಾನು ಹೇಳಬೇಕೆಂದಿರುವುದು ಕಸ್ತೂರಿಯ ಗಾದಿಯ ಮಾತು. ಕಸ್ತೂರಿ ಕೊಹಿನೂರು ಎಂಬ ಹಳ್ಳಿಯ ಒಕ್ಕಲುತನದ ಮಾಣಿಕಪ್ಪನವರ ಒಬ್ಬಳೇ ಮಗಳು. ಮದುವೆ ಗೊತ್ತಾದಾಗ ಅವರು ತಮ್ಮ ಹೊಲದ ಹತ್ತಿಯನ್ನೇ ಬಂಡಿಯಲ್ಲಿ ಹೇರಿಕೊಂಡು ಬಂದು ನಮ್ಮ ಅಂಗಳದಲ್ಲಿ ಇಳಿಸಿದರು. "ನನ್ನ ಮಗಳ ಮೈಗೆ ಒಂದು ಗಂಟು ಒತ್ತಬಾರದು ನೋಡ್ರಿ. ಬೆಣ್ಣಿ ಹಂಗ ಮೆತ್ತಗ ಇರಬೇಕು," ಎಂದರು. ಅತ್ತೆಗೆ ಇಂಥ ಮಾತು ಹಬ್ಬದೂಟ, ಗಂಡಿನ ಚಪ್ಪಲಿ ನೋಡುವುದನ್ನೇ ಮರೆತರು. ನನ್ನ ಗಂಡನಿಂದ ಅದೇ ಅರಳೆಯನ್ನು ಮತ್ತೆ ಮತ್ತೆ ಹಿಂಜಿಸಿ, ಟಾಕಿ ದೂರ ದೂರ ಹಾಕಿ, ಎಂಥ ಗಾದಿ ಮಾಡಿದರೆಂದರೆ ಅದರ ಮೇಲೆ ಬೆಕ್ಕು ಕೂತರೆ ಬರೀ ಕಿವಿ ಕಾಣುತ್ತಿದ್ದವು.

ಗಂಡು ನಮ್ಮ ಹುಮನಾಬಾದದವರೇ, ಕಾಳಿನ ಅಂಗಡಿಯ ಶರಣಪ್ಪನವರು. ಒಳ್ಳೆಯ ಮನುಷ್ಯ, ಮೆಲುಮಾತಿನವರು. ಬಾಗಿಲಲ್ಲಿ ಬಂದು ನಿಂತರೆ ಒಳಗೆ ದೀಪ ಹಚ್ಚಬೇಕಾಗುತ್ತಿತ್ತು, ಅಷ್ಟೇ. ಕಸ್ತೂರಿಯೋ ಜೋಳದ ದಂಟು. ಅಕ್ಷತೆ ಹಾಕಲು ಹೋದಾಗಲೇ ನನಗೆ ನಗು ಬಂದಿತ್ತು. ಗಾದಿಯ ವಿಚಾರ ಮಾತ್ರ ತಲೆಗೆ ಹೊಳೆಯಲಿಲ್ಲ.

ಕೆಲವು ತಿಂಗಳಾದ ಮೇಲೆ ಶರಣಪ್ಪನವರ ತಾಯಿ ನೀಲಮ್ಮನವರು ತಲೆದಿಂಬು ಹೊಲಿಯಲು ನನ್ನನ್ನು ಕರೆಸಿದರು. ಒಂದು ದಿಂಬು ಮುಗಿಯುವ ಮೊದಲೇ ಪಕ್ಕದಲ್ಲಿ ಕುಳಿತು ದನಿ ತಗ್ಗಿಸಿದರು.

"ಖಾಸಿಂಬಿ, ಹೊರಗ ಹೇಳಬ್ಯಾಡ. ನಮ್ಮ ಸೊಸಿ ಗಂಡನ ಮಗ್ಗಲಾಗ ಮಲಗಾಕ ಒಲ್ಲಳು. ದಿನಾ ಮುಂಜಾನಿ ನೋಡ್ತೀನಿ, ನೆಲದ ಮ್ಯಾಲ ಕಂಬಳಿ ಹಾಸಿಕೊಂಡು ಬಿದ್ದಿರತಾಳ."

"ಕೇಳಿದ್ರೇನ್ರಿ ಅವ್ವಾರ?"

"ಕೇಳಿದ್ರ ಕಣ್ಣಾಗ ನೀರು. ಮಗನ್ನ ಕೇಳಿದ್ರ ಅಂವ ಮುಖ ಕೆಂಪ ಮಾಡಿಕೊಂಡು ಅಂಗಡಿಗೆ ಓಡತಾನ. ಇಬ್ಬರಿಗೂ ಜೋಡಿ ಹತ್ತಿಲ್ಲ ಅನ್ನೋದು ಖರೆ. ಅಮಾಸಿಗೆ ಅಕಿ ಅಪ್ಪಗ ಬರಾಕ ಹೇಳೀನಿ. ಬಂದು ಕರಕೊಂಡು ಹೋಗಲಿ."

ಕರೆದುಕೊಂಡು ಹೋಗಲಿ ಎನ್ನುವುದು ಸುಲಭ. ಹಾಗೆ ಹೋದ ಹುಡುಗಿಯನ್ನು ತಿರುಗಿ ಕರೆತರಲು ಯಾರೂ ಹೋಗುವುದಿಲ್ಲ ಎಂಬುದು ಊರಿಗೆಲ್ಲ ಗೊತ್ತು. ತವರಿನ ಅಡುಗೆಮನೆಯಲ್ಲಿ ಅಣ್ಣತಮ್ಮಂದಿರ ಹೆಂಡಿರ ಕೈಕೆಳಗೆ ಮುದುಕಿಯಾಗುವ ಬಾಳು ಅದು. ಕಸ್ತೂರಿಗೆ ಅಣ್ಣತಮ್ಮಂದಿರೂ ಇರಲಿಲ್ಲ, ಅಪ್ಪನ ನಂತರ ಗತಿಯೇನು?

ಗಾದಿ ಬಿಸಿಲಿಗೆ ಹಾಕುವ ನೆಪ ಹೇಳಿ ಒಳಗೆ ಹೋದೆ. ಕಸ್ತೂರಿಯೂ ನಾನೂ ಎರಡು ತುದಿ ಹಿಡಿದು ಎತ್ತಿದೆವು. ಎತ್ತುವಾಗಲೇ ಕಂಡಿತು. ಒಂದು ಬದಿಯಲ್ಲಿ ಎಮ್ಮೆ ಮಲಗಿ ಎದ್ದ ಕೆಸರಿನಂಥ ತಗ್ಗು. ಇನ್ನೊಂದು ಬದಿ ಆ ತಗ್ಗಿನ ಕಡೆಗೆ ಇಳಿಜಾರು. ನಾನು ಅವಳ ಮುಖ ನೋಡಿದೆ.

"ಹುಡುಗಿ, ಖರೆ ಹೇಳು. ಅವರು ಬೈತಾರೇನು? ಹೊಡೀತಾರೇನು?"

"ಇಲ್ಲಕ್ಕಾ, ಭಾಳ ಛಲೋ ಅದಾರ," ಎಂದು ಅಳಲು ಶುರು ಮಾಡಿದಳು. "ಮಲಗಿದ ಕೂಡಲೇ ನಾ ಉಳ್ಳಿಕೋತ ಅವರ ಕೆಳಗ ಹೋಗತೀನಿ. ಉಸಿರ ಹಿಡೀತದ. ಅವರೂ ಪಾಪ, ನನ್ನ ಮ್ಯಾಲ ಬಿದ್ದೀನಂತ ಅಂಜಿ ಮಂಚದ ಕಟ್ಟಿಗಿ ಹಿಡಕೊಂಡೇ ಮಲಗತಾರ. ಇಬ್ಬರಿಗೂ ನಿದ್ದಿ ಇಲ್ಲ. ಅವರಾದ್ರೂ ಮಲಗಲಿ ಅಂತ ನಾ ಕೆಳಗ ಇಳೀತೀನಿ."

"ಇದನ್ನ ಅತ್ತಿ ಮುಂದ ಹೇಳಾಕ ಏನಾಗ್ಯಾದ ನಿನಗ?"

"ಹ್ಯಾಂಗ ಹೇಳಲಿ? ಗಾದಿ ಛಲೋ ಇಲ್ಲಂದ್ರ ನಮ್ಮಪ್ಪ ಕೊಟ್ಟಿದ್ದಕ್ಕ ಹೆಸರಿಟ್ಟಂಗ. ಅವರು ದಪ್ಪ ಅದಾರ ಅಂದ್ರ ಗಂಡಗ ನೆದರು ಹಾಕಿದಿ ಅಂತಾರ. ಹಾಸಿಗಿ ಮಾತು ಹಿರಿಯರ ಮುಂದ ನಾ ಯಾವ ಬಾಯಿಲೆ ಆಡಲಿ ಅಕ್ಕಾ?"

ಮೂರು ಕಡೆಯಿಂದಲೂ ಹುಡುಗಿಯ ಬಾಯಿ ಕಟ್ಟಿತ್ತು. ನನಗೆ ನಗುವೂ ಬಂತು, ಅಳುವೂ ಬಂತು. ಗಾದಿಯ ಅರಳೆ ಸ್ವಲ್ಪ ಕೂತಿದೆ, ರಿಪೇರಿ ಮಾಡಿ ತರುತ್ತೇನೆ ಎಂದು ನೀಲಮ್ಮನವರಿಗೆ ಹೇಳಿ ಅದನ್ನು ಮನೆಗೆ ತಂದೆ.

ಅತ್ತೆಗೆ ಹೇಳಿದೆ. ಅವರು ಮೊದಲು ನನ್ನ ಮೇಲೆ ಹರಿಹಾಯ್ದರು. "ನನ್ನ ಗಾದಿಗೆ ಹೆಸರು ಇಡತೀಯೇನ? ನಿನ್ನ ವಯಸ್ಸಿಗಿಂತ ಹೆಚ್ಚು ಗಾದಿ ಹೊಲದೀನಿ!" ಸಿಟ್ಟು ಇಳಿದ ಮೇಲೆ ತಾವೇ ದಾರಿ ಹೇಳಿದರು. ತಗ್ಗಿನ ಕಡೆಗೆ ಹುಡುಗಿ ಜಾರುತ್ತಿದ್ದರೆ ನಡುವೆ ಹೆಚ್ಚು ಅರಳೆ ತುಂಬಿಬಿಡು, ಹೊಲದ ಬದುವಿನ ಹಾಗೆ. ನನಗೂ ಸರಿಯೆನಿಸಿತು. ಅರಳೆ ಮತ್ತೆ ಹಿಂಜಿಸಿ ನಡುವೆ ಚೆನ್ನಾಗಿ ಏರಿಸಿ ಹೊಲಿದು ಕೊಟ್ಟು ಬಂದೆ.

ಮರುದಿನ ಬೆಳಿಗ್ಗೆ ನೀಲಮ್ಮನವರು ಸೆರಗು ಬಿಗಿದುಕೊಂಡು ನಮ್ಮ ಅಂಗಳಕ್ಕೇ ಬಂದರು. "ಏನು ಮಾಡಿ ಕೊಟ್ಟೀಯವಾ ನೀನು? ಇಷ್ಟು ದಿನ ಸೊಸಿ ಒಬ್ಬಕೀನೇ ಕೆಳಗಿದ್ದಳು. ಈಗ ಈ ಕಡಿ ಸೊಸಿ ಕೆಳಗ, ಆ ಕಡಿ ಮಗ ಕೆಳಗ. ಮಂಚದ ಮ್ಯಾಲ ನಿನ್ನ ಗಾದಿ ಒಂದೇ ಮಲಗ್ಯಾದ!"

ನನ್ನ ಗಂಡ ಬಿಲ್ಲು ಕೆಳಗಿಟ್ಟು ಹಿತ್ತಲಿಗೆ ಓಡಿಹೋದ. ನಗಲು ಎಂದು ಆಮೇಲೆ ತಿಳಿಯಿತು. ನನಗೆ ಓಡುವ ಅನುಕೂಲ ಇರಲಿಲ್ಲ. ನೀಲಮ್ಮನವರು ಕೊನೆಯ ಮಾತು ಹೇಳಿದರು: "ಸಾಕು. ಆ ಗಾದಿ ನಡು ಕತ್ತರಿಸಿ ಎರಡು ಮಾಡು. ಒಂದು ನನ್ನ ಮಗಗ ಇರಲಿ. ಒಂದು ಅಕಿ ಜೋಡಿ ಕೊಹಿನೂರಿಗೆ ಹೋಗಲಿ."

ಗಾದಿ ಮತ್ತೆ ನಮ್ಮ ಮನೆಗೆ ಬಂತು. ಹೊಲಿಗೆ ಬಿಚ್ಚಿ ಅರಳೆಯನ್ನು ಎರಡು ರಾಶಿ ಮಾಡಿ ಕತ್ತರಿ ಹಿಡಿದು ಕುಳಿತೆ. ಕೈ ಏಳಲಿಲ್ಲ. ಬಟ್ಟೆ ಕತ್ತರಿಸಿದರೆ ಮುಗಿಯಿತು, ನಾನೇ ಆ ಹುಡುಗಿಯ ಸಂಸಾರ ಕತ್ತರಿಸಿದ ಹಾಗೆ. ಎದುರಿಗೆ ಅತ್ತೆ ಎಲೆಅಡಿಕೆ ಹಾಕಿಕೊಳ್ಳುತ್ತಿದ್ದರು. ಅವರ ಸಂಚಿ ನೋಡುತ್ತ ಕುಳಿತೆ. ಹೊರಗಿನಿಂದ ಒಂದೇ ಚೀಲ. ಒಳಗೆ ಅಡ್ಡ ಬಟ್ಟೆ ಹೊಲಿದು ಎಲೆಗೆ ಒಂದು ಮನೆ, ಅಡಿಕೆಗೆ ಒಂದು ಮನೆ. ಎಲೆ ಬಾಡುವುದಿಲ್ಲ, ಅಡಿಕೆ ಚೆಲ್ಲುವುದಿಲ್ಲ, ಎರಡೂ ಒಂದೇ ಸೊಂಟದ ಮೇಲೆ ಇರುತ್ತವೆ.

"ಅತ್ತಿ, ಗಾದಿ ಒಳಗ ಹಿಂಗ ಒಂದು ಗ್ವಾಡಿ ಕಟ್ಟಿದ್ರ?" ಎಂದೆ. "ಶರಣಪ್ಪನವರ ಕಡಿ ಬಿಗಿ ತುಂಬೋಣು, ಹುಡುಗಿ ಕಡಿ ಸಡಲ."

ಅತ್ತೆ ಎದ್ದು ಪೆಟ್ಟಿಗೆಯಿಂದ ತಮ್ಮ ಗಟ್ಟಿ ಕೈಮಗ್ಗದ ಬಟ್ಟೆಯೊಂದನ್ನು ತೆಗೆದು ನನ್ನ ಮಡಿಲಿಗೆ ಎಸೆದರು. "ಕಟ್ಟೋದಾದ್ರ ಗಟ್ಟಿ ಕಟ್ಟು. ಮೂರು ದಿನಕ್ಕ ಬೀಳೋ ಗ್ವಾಡಿ ಬ್ಯಾಡ." ಅವರ ಬಾಯಿಂದ ನನಗೆ ಸಿಕ್ಕ ದೊಡ್ಡ ಶಾಭಾಸ್‌ಗಿರಿ ಅದು.

ಕಲಿಯುವವರಿಗಾಗಿ ಆ ಕೆಲಸ ಹೇಳುತ್ತೇನೆ. ಖೋಳದ ನಡುವೆ ತಲೆಯಿಂದ ಕಾಲಿನವರೆಗೆ ಅಡ್ಡಬಟ್ಟೆ ನಿಲ್ಲಿಸಿ ಮೇಲೂ ಕೆಳಗೂ ಹೊಲಿಯಬೇಕು. ಭಾರದವರ ಬದಿಗೆ ಹಳೆಯ ಅರಳೆ ಬೆರೆಸಿ, ಒತ್ತಿ ತುಂಬಿ, ಟಾಕಿ ಹತ್ತಿರ ಹತ್ತಿರ. ಹಗುರಿನವರ ಬದಿಗೆ ಚೆನ್ನಾಗಿ ಹಿಂಜಿದ್ದನ್ನು ಸಡಿಲಾಗಿ, ಟಾಕಿ ದೂರ. ಖಾಲಿ ಇದ್ದಾಗ ಭಾರದ ಬದಿ ಒಂದಿಷ್ಟು ಎತ್ತರ ಕಾಣಬೇಕು, ಇಬ್ಬರೂ ಮಲಗಿದಾಗ ಸಮ ಬರಬೇಕು. ಮುಗಿದ ಮೇಲೆ ಗುರುತಿಗೆಂದು ಶರಣಪ್ಪನವರ ಬದಿಯ ಅಂಚಿಗೆ ಕೆಂಪು ದಾರದ ಗಂಟು ಹಾಕಿದೆ. ಆ ಗಂಟೇ ನನ್ನನ್ನು ಸಿಕ್ಕಿಹಾಕಿಸಿತು.

ಗಾದಿ ಒಯ್ದ ದಿನ ಅಮಾವಾಸ್ಯೆ. ಪಡಸಾಲೆಯಲ್ಲಿ ಮಾಣಿಕಪ್ಪನವರು ರುಮಾಲು ತೊಡೆಯ ಮೇಲಿಟ್ಟುಕೊಂಡು ತಲೆ ತಗ್ಗಿಸಿ ಕುಳಿತಿದ್ದರು. ಕಸ್ತೂರಿಯ ಟ್ರಂಕು ಹೊರಗೆ ಬಂದಿತ್ತು. ಶರಣಪ್ಪನವರು ಅಂಗಡಿಗೆ ಹೋಗದೆ ಕಂಬಕ್ಕೆ ಒರಗಿ ನಿಂತಿದ್ದರು. ಅಷ್ಟು ದೊಡ್ಡ ಮನುಷ್ಯ ಅಂದು ಸಣ್ಣವರಾಗಿ ಕಂಡರು.

ನೀಲಮ್ಮನವರು ಗಾದಿ ನೋಡಿ ಹುಬ್ಬು ಗಂಟಿಕ್ಕಿದರು. "ಎರಡು ಮಾಡು ಅಂದಿದ್ದೆ."

"ಎರಡೇ ಅವ ಅವ್ವಾರ, ಒಳಗ," ಎಂದೆ.

ಅಷ್ಟರಲ್ಲಿ ಅವರ ಕಣ್ಣು ಕೆಂಪು ಗಂಟಿನ ಮೇಲೆ ಬಿತ್ತು. ಮುಖ ಬಿಳಿಚಿತು. "ಇದೇನು ಗಂಟು? ನನ್ನ ಮಗನ ಹಾಸಿಗಿಗೆ ಮಾಟ ಮಾಡಿಸ್ಯಾರ! ಕೊಹಿನೂರಿಂದ ಅರಳಿ ಬಂದಾಗಲೇ ನನಗ ಅನುಮಾನಿತ್ತು."

ಮಾಣಿಕಪ್ಪನವರು ಎದ್ದು ನಿಂತರು. ತೂಕದ ಮಾತು ಎತ್ತುವಂತಿಲ್ಲ, ಎತ್ತದಿದ್ದರೆ ಮಾಟಗಾತಿಯ ಹೆಸರು ನನಗೆ. ದೇವರು ಆ ಹೊತ್ತಿಗೆ ನಾಲಿಗೆಯ ಮೇಲೆ ಒಂದು ಮಾತು ಇಟ್ಟ.

"ಮಾಟ ಅಲ್ಲರಿ ಅವ್ವಾರ. ಅದು ಯಜಮಾನರ ಬದಿ ಅಂತ ಗುರುತು. ಮನಿ ಯಜಮಾನ ಎತ್ತರದ ಬದಿಗೆ ಮಲಗಬೇಕು. ಕೈ ಇಟ್ಟು ನೋಡ್ರಿ, ಎಷ್ಟು ಎತ್ತರ, ಎಷ್ಟು ಗಟ್ಟಿ ಅದ."

ನೀಲಮ್ಮನವರು ಅನುಮಾನದಿಂದಲೇ ಕೈಯಿಟ್ಟು ಒತ್ತಿದರು. ಈ ಬದಿ ಒತ್ತಿದರು, ಆ ಬದಿ ಒತ್ತಿದರು. ಮುಖದ ಗಂಟು ಮೆಲ್ಲಗೆ ಸಡಿಲಾಯಿತು.

"ನನ್ನ ಮಗನ ಕಡಿ ಎತ್ತರ ಅದ ಅಲ್ಲ?"

"ಹೌದ್ರಿ."

"ಅಕಿ ಕಡಿ ತಗ್ಗು?"

"ಒಂಚೂರು ತಗ್ಗರಿ."

"ಹಂಗಾದ್ರ ಬರೋಬ್ಬರಿ ಅದ," ಎಂದರು. ಬೀಗರ ಕಡೆ ತಿರುಗಿ, "ಬಂದೀರಿ, ಉಂಡು ಹೋಗ್ರಿ. ಹುಡುಗಿ ಇನ್ನೊಂದು ನಾಲ್ಕು ದಿನ ಇರಲಿ, ನೋಡೋಣು," ಎಂದರು. ಶರಣಪ್ಪನವರು ಯಾರಿಗೂ ಹೇಳದೆ ಟ್ರಂಕನ್ನು ಒಂದೇ ಕೈಯಲ್ಲಿ ಎತ್ತಿಕೊಂಡು ಒಳಗೆ ನಡೆದರು.

ಮುಂದಿನ ವಾರ ಸಂತೆಯಲ್ಲಿ ನೀಲಮ್ಮನವರು ಮತ್ತೆ ದೂರು ತಂದರು. "ಏನು ಹೊಲದೀಯವಾ? ಎಬ್ಬಿಸಿದ್ರೂ ಇಬ್ಬರೂ ಏಳೋದಿಲ್ಲ. ಮುಂಜಾನಿ ಅಂಗಳದ ಕಸ ನಾನೇ ಹೊಡೀಬೇಕಾಗ್ಯಾದ!" ಅಂದು ನಾನು ನಗು ತಡೆಯಲಿಲ್ಲ. ಅವರೂ ತಡೆಯಲಿಲ್ಲ.

ಗೋಡೆಯ ಗಾದಿಗೆ ಹೆಸರು ಬಂತು. ಯಜಮಾನರ ಬದಿ ಇರುವ ಗಾದಿ ಬೇಕು ಎಂದು ಕಲ್ಯಾಣದಿಂದಲೂ ಕೇಳಿಕೊಂಡು ಬಂದರು. ಅದರಲ್ಲಿ ಯಜಮಾನತಿಯೇ ಭಾರವಿದ್ದ ಮನೆಗಳೂ ಇದ್ದವು. ಅಲ್ಲಿ ಗುರುತು ಯಾರಿಗೂ ಕಾಣದಂತೆ ಒಳಗೆ ಹಾಕಿ, ಹೆಂಡತಿಯ ಕಿವಿಯಲ್ಲಿ ಮಾತ್ರ ಹೇಳಿ ಬರುತ್ತಿದ್ದೆ. ಘಾಟಬೋರಾಳದ ಒಂದು ಮನೆಯಲ್ಲಿ ಗಾದಿ ಬಿಸಿಲಿಗೆ ಹಾಕಿ ಪಕ್ಕಕ್ಕೆ ಮಗುಚಿ ಹಾಸಿಬಿಟ್ಟರು. ಗಂಡ ಹೂತುಹೋದ, ಹೆಂಡತಿ ಹಲಗೆಯ ಮೇಲೆ ಮಲಗಿದ ಹಾಗೆ ಸೆಟೆದುಕೊಂಡಳು. ಇಬ್ಬರೂ ಕೂಡಿ ನನ್ನನ್ನು ಬೈದರು. ನೆನಪಿಡಿ, ಈ ಗಾದಿಯನ್ನು ಪಕ್ಕಕ್ಕೆ ಮಗುಚಬಾರದು. ತಲೆಯ ಕಡೆಯಿಂದ ಕಾಲಿನ ಕಡೆಗೆ ಮಗುಚಬೇಕು, ಆಗ ಅವರವರ ಬದಿ ಅವರವರಿಗೇ ಉಳಿಯುತ್ತದೆ.

ಆಮೇಲೆ ಹಿಂಜುವ ಮಷೀನು ಬಂತು. ನನ್ನ ಗಂಡನ ಬಿಲ್ಲು ಗೂಟ ಸೇರಿತು, ಆತನ ಮುಖವೂ ಕೆಲವು ದಿನ ಗೂಟಕ್ಕೆ ನೇತುಹಾಕಿದಂತೆಯೇ ಇತ್ತು. ಮಷೀನು ಒಳ್ಳೆಯದೇ, ಬೆನ್ನು ಉಳಿಸಿತು. ಆದರೆ ಎಲ್ಲರ ಅರಳೆಯನ್ನೂ ಒಂದೇ ಸಮ ಮಾಡುತ್ತದೆ. ಯಾರದು ಭಾರ, ಯಾರದು ಹಗುರ ಎಂದು ಅದು ಕೇಳುವುದಿಲ್ಲ, ನೀವು ಕೇಳಬೇಕು. ಬಾಯಿಂದ ಕೇಳಬೇಡಿ, ಮನೆಯೊಳಗೆ ಹೋಗಿ ಹಳೆಯ ಹಾಸಿಗೆ ನೋಡಿ. ಎಂಬತ್ತನೇ ಇಸವಿಯ ನಂತರ ಫೋಮಿನ ಹಾಸಿಗೆಗಳೂ ಬಂದವು. ಅಂಗಡಿಯವ ಬೆರಳಿನಿಂದ ಒತ್ತಿ ತೋರಿಸುತ್ತಿದ್ದ. ಬೆರಳು ಮಲಗುತ್ತದೆಯೇ ಎಂದು ನಾನು ಕೇಳಿದ್ದಕ್ಕೆ ಆತ ಮತ್ತೆ ನನ್ನ ಜೊತೆ ಮಾತಾಡಲಿಲ್ಲ.

ಆ ದಿನಗಳಲ್ಲೇ ಒಮ್ಮೆ ಕಸ್ತೂರಿ ಕರೆಸಿದಳು. ಅತ್ತೆ ಹುಸೇನಬಿಯವರೂ ನೀಲಮ್ಮನವರೂ ಅಷ್ಟರಲ್ಲಿ ತೀರಿಕೊಂಡಿದ್ದರು. ಜೋಳದ ದಂಟು ಈಗ ಮನೆತುಂಬ ಓಡಾಡುವ ತುಂಬಿದ ಮೈಯ ಯಜಮಾನತಿ, ಸೊಸೆ ತಂದ ಅತ್ತೆ. ಶರಣಪ್ಪನವರನ್ನು ಮಾತ್ರ ಸಕ್ಕರೆ ಕಾಯಿಲೆ ಒಳಗಿನಿಂದ ತಿಂದುಹಾಕಿತ್ತು. ಅಂಗಿ ಅವರದೇ, ಒಳಗಿನ ಮನುಷ್ಯ ಬೇರೆ ಯಾರೋ ಎಂಬಂತೆ.

"ಬಾ ಖಾಸಿಂಬಿ," ಎಂದರು ನಗುತ್ತ. "ಈಗ ನಾ ನಿನ್ನ ಅರಳಿಗಿಂತ ಹಗುರ. ನೆದರು ಹಾಕವರೂ ದಿಕ್ಕಿಲ್ಲ."

ಗಾದಿ ಮುಟ್ಟಿ ನೋಡಿದೆ. ಅವರ ಬದಿ ಬಡಕಲು ಮೈಗೆ ಒತ್ತುವಷ್ಟು ಗಟ್ಟಿ. ಕಸ್ತೂರಿಯನ್ನು ಪಕ್ಕಕ್ಕೆ ಕರೆದು ಹೇಳಿದೆ, "ಚಿಂತಿ ಮಾಡಬ್ಯಾಡ. ಅವರ ಕಡಿ ಬಿಚ್ಚಿ ಸಡಲ ತುಂಬತೀನಿ. ನಿನ್ನ ಕಡಿ ಜರಾ ಬಿಗಿ ಮಾಡತೀನಿ."

"ಬಿಗಿ ಬ್ಯಾಡಕ್ಕಾ," ಎಂದಳು. "ನಡುವಿನ ಗ್ವಾಡಿ ತಗದ ಬಿಡ್ರಿ. ಪೂರಾ ಮೆತ್ತಗ ಮಾಡ್ರಿ."

"ಹುಚ್ಚಿ, ಮತ್ತ ತಗ್ಗು ಬೀಳತದ. ಈಗ ಅವರು ಉಳ್ಳಿಕೋತ ನಿನ್ನ ಕಡಿ ಬರತಾರ."

"ಬರಲಿ," ಎಂದಳು. "ಮೊದಲ ಅವರು ಮಗ್ಗಲು ಬದಲಿಸಿದ್ರ ಮಂಚ ಎಲ್ಲಾ ಅಳ್ಳಾಡತಿತ್ತು. ನಿದ್ದಿಗಣ್ಣಾಗೂ ಅದಾರ ಅಂತ ತಿಳೀತಿತ್ತು. ಈಗ ಏನೂ ತಿಳಿಯೋದಿಲ್ಲ. ಎಚ್ಚರಾದಾಗೊಮ್ಮೆ ಕೈ ಚಾಚಿ ಮುಟ್ಟಿ ನೋಡತೀನಿ, ಅದಾರೋ ಇಲ್ಲೋ ಅಂತ. ಅವರು ನನ್ನ ಮೈಗೆ ಹತ್ತಿಕೊಂಡಿದ್ರ ನಾ ಮಲಗೇನು."

ಅಂಗಳದಲ್ಲಿ ಕುಳಿತು ಹೊಲಿಗೆ ಬಿಚ್ಚಿದೆ. ಅತ್ತೆ ಕೊಟ್ಟ ಬಟ್ಟೆ ಇನ್ನೂ ಗಟ್ಟಿಯಾಗಿಯೇ ಇತ್ತು, ಕತ್ತರಿಸಿ ತೆಗೆಯಬೇಕಾಯಿತು. ಎರಡು ಬದಿಯ ಅರಳೆಯನ್ನೂ ಕೂಡಿಸಿ ಹಿಂಜಿಸಿ, ಒಂದೇ ಸಮ ತುಂಬಿ, ಟಾಕಿ ದೂರ ದೂರ ಹಾಕಿದೆ. ಹೊಲಿಯುವಾಗ ಕಣ್ಣು ತುಂಬಿ ದಬ್ಬಣ ಬೆರಳಿಗೆ ಚುಚ್ಚಿತು. ಇಷ್ಟು ವರ್ಷದ ಕಸುಬಿನಲ್ಲಿ ನಾನು ಬೇಕೆಂದೇ ತಪ್ಪಾಗಿ ಹೊಲಿದ ಗಾದಿ ಅದೊಂದೇ, ಅದರಷ್ಟು ಮನಸ್ಸಿಟ್ಟು ಬೇರೆ ಯಾವುದನ್ನೂ ಹೊಲಿದಿಲ್ಲ.

ಹಾಸಿದ ಮೇಲೆ ಕಸ್ತೂರಿ ಮೊದಲು ಕುಳಿತಳು. ಶರಣಪ್ಪನವರನ್ನು ಕೈಹಿಡಿದು ಕೂರಿಸಿಕೊಂಡಳು. ಅವರು ಕುಳಿತಲ್ಲಿಂದ ಮೆಲ್ಲಗೆ ಜಾರಿ ಆಕೆಯ ಭುಜಕ್ಕೆ ಬಂದು ಒರಗಿದರು. ಬಾಗಿಲಲ್ಲಿ ನಾನಿದ್ದೆ, ಅವರ ಸೊಸೆಯೂ ಬಂದು ನಿಂತಿದ್ದಳು. ಗಂಡ ಹೆಂಡತಿ ಇಬ್ಬರೂ ಸರಿದು ಕೂರಲಿಲ್ಲ.